ಪ್ರಭುದೇವನ ತೇಜಸ್ಸು

ಪ್ರಭುದೇವನ ಮುಖದಲ್ಲಿ ತೇಜಸ್ಸು ಮೊದಲು ಕಂಡದ್ದು ಅವನ ಅಜ್ಜಿಗೆ. ಅಜ್ಜಿ ಗಂಗರತ್ನಮ್ಮನವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗಿರುವುದು ಸೊಸೆಯೋ ಬೀರುವೋ ಎಂದು ಗೊತ್ತಾಗಬೇಕಾದರೆ ಅವರು ಒಂದು ಮಾತು ಎಸೆದು ನೋಡುತ್ತಿದ್ದರು. ತಿರುಗಿ ಮಾತು ಬಂದರೆ ಸೊಸೆ, ಬರದಿದ್ದರೆ ಬೀರು. ಅಂಥ ಕಣ್ಣಿಗೂ ಕಂಡಿತೆಂದರೆ ಅದೆಂಥ ತೇಜಸ್ಸಿರಬೇಕು ಎಂಬುದೇ ಆಮೇಲೆ ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲೆಲ್ಲ ಹಬ್ಬಿದ ಸುದ್ದಿಗೆ ಮುಖ್ಯ ಸಾಕ್ಷಿಯಾಯಿತು.

ಆ ತೇಜಸ್ಸು ಏನೆಂದು ಮುಚ್ಚಿಟ್ಟು ಪುಣ್ಯ ಕಟ್ಟಿಕೊಳ್ಳುವ ಆಸೆ ನಮಗಿಲ್ಲ. ಅದು ಮೊಬೈಲ್ ಫೋನಿನ ಬೆಳಕು.

ಪ್ರಭುದೇವ ಹತ್ತನೇ ಕ್ಲಾಸಿನ ಗಣಿತದಲ್ಲಿ ಬಿದ್ದು, ಮತ್ತೆ ಕಟ್ಟಿ ಮತ್ತೆ ಬಿದ್ದು, ಸುಲ್ತಾನ್‌ಪೇಟೆಯಲ್ಲಿದ್ದ ಸೋದರಮಾವ ಮಲ್ಲಿಕಾರ್ಜುನಯ್ಯನವರ ಲಗ್ನಪತ್ರಿಕೆ ಅಂಗಡಿಗೆ ಸೇರಿದವನು. ಕಂಡವರ ಮದುವೆಗೆಲ್ಲ ಪತ್ರಿಕೆ ತೋರಿಸಿ ತೋರಿಸಿ ವಯಸ್ಸು ಮೂವತ್ತರ ಹತ್ತಿರ ಬಂದಿತ್ತು. ಅವನ ಹೆಸರು ಮಾತ್ರ ಇನ್ನೂ ಯಾವ ಪತ್ರಿಕೆಯಲ್ಲೂ ಅಚ್ಚಾಗಿರಲಿಲ್ಲ. ಓದು ಬಿಟ್ಟವನಿಗೆ ಈ ಊರಿನಲ್ಲಿ ಎಲ್ಲರೂ ಮೇಷ್ಟ್ರೇ. ಹಾಲಿನವನು ಬುದ್ಧಿ ಹೇಳುತ್ತಾನೆ, ಕಟಿಂಗ್ ಶಾಪಿನವನು ಕತ್ತಿಗೆ ಕತ್ತರಿ ಇಟ್ಟುಕೊಂಡೇ ಬುದ್ಧಿ ಹೇಳುತ್ತಾನೆ, ಡಿಗ್ರಿ ಮುಗಿಸಿ ವರ್ಷಗಟ್ಟಲೆಯಿಂದ ಸೋಫಾ ಸವೆಸುತ್ತಿರುವ ಎದುರುಮನೆಯವನೂ ಗೇಟಿಗೆ ಒರಗಿ, ಆಕಳಿಸುತ್ತ ಬುದ್ಧಿ ಹೇಳುತ್ತಾನೆ. ಈ ಎಲ್ಲರ ಬುದ್ಧಿಯನ್ನೂ ನುಂಗಿ ಒಳಗೇ ಉರಿಯುತ್ತಿದ್ದ ಪ್ರಭುದೇವನಿಗೆ, ತಾನೂ ಒಂದು ವಿಷಯದಲ್ಲಿ ಪಂಡಿತ ಎನ್ನಿಸಿದ್ದು ಫೋನಿನಲ್ಲಿ ಪೋಕರ್ ಎಂಬ ಇಸ್ಪೀಟಾಟ ಕಲಿತ ಮೇಲೆ. ದಿಲ್ಲಿಯಲ್ಲಿ ಕಾನೂನು ಬಂದು ಆ ಆಟವೆಲ್ಲ ಬಂದ್ ಆಗುವುದಕ್ಕೆ ಮುಂಚಿನ ಮಾತು ಇದು.

ಅವನು ಕೂರುತ್ತಿದ್ದದ್ದು ಲಿಮಿಟ್ ಟೇಬಲ್ಲಿಗೆ. ಅಂದರೆ ಒಂದು ಸುತ್ತಿಗೆ ಇಷ್ಟೇ ಪಣ ಕಟ್ಟಬೇಕು, ಇಷ್ಟು ಸಲ ಮಾತ್ರ ಅದನ್ನು ಏರಿಸಬೇಕು ಎಂದು ಕಟ್ಟುಪಾಡು. ಇದ್ದದ್ದನ್ನೆಲ್ಲ ಒಂದೇ ಸಲ ಸುರಿದು ಎದುರಿನವನನ್ನು ಹೆದರಿಸಿ ಓಡಿಸುವ ಹಾಗಿಲ್ಲ. ಅದರಲ್ಲೂ ಎಲ್ಲಕ್ಕಿಂತ ಕೆಳಗಿನ ಟೇಬಲ್ಲು. ಬೆಳಗೆಲ್ಲ ಆಡಿ ಗೆದ್ದರೆ ಒಂದು ಬೈಟು ಕಾಫಿ, ಸೋತರೆ ಅದೇ ಬೈಟುವಿನ ಇನ್ನರ್ಧ. ಪ್ರಭುದೇವ ಅದನ್ನು ಜೂಜೆಂದು ಒಪ್ಪುತ್ತಿರಲಿಲ್ಲ. ಇದು ತಾಳ್ಮೆ, ಇದು ಲೆಕ್ಕ ಎನ್ನುತ್ತಿದ್ದ, ಗಣಿತದಲ್ಲಿ ಎರಡು ಸಲ ಬಿದ್ದವನು. ಕೆಟ್ಟ ಎಲೆ ಬಂದರೆ ಬಿಟ್ಟುಬಿಡಬೇಕು, ಒಳ್ಳೆಯ ಎಲೆಗೆ ಕಾಯಬೇಕು, ಅದು ಬಂದಾಗ ಏರಿಸಬೇಕು. ಇಷ್ಟೇ ಅವನ ಶಾಸ್ತ್ರ.

ಶಾಸ್ತ್ರ ಕೇಳಿಯೇ ಇರದ ಜನ ಟೇಬಲ್ ತುಂಬ ಇದ್ದರು. ಯಾವ ಎಲೆ ಬಂದರೂ ಬಿಡದವರು, ಎಲೆ ನೋಡುವ ಮೊದಲೇ ಏರಿಸುವವರು, ಏರಿಸಿದ ಮೇಲೆ ಯಾಕೆ ಏರಿಸಿದೆವೆಂದು ತಮಗೇ ಗೊತ್ತಿಲ್ಲದವರು. ಅವರಲ್ಲಿ ಗೂಳಿ99 ಎಂಬ ಹೆಸರಿನವನೊಬ್ಬ ಪ್ರಭುದೇವನ ಜೀವ ಹಿಂಡಲೆಂದೇ ಹುಟ್ಟಿದವನು. ಪ್ರಭುದೇವ ರಾಜನ ಜೋಡಿ ಹಿಡಿದು ಏರಿಸಿದರೆ ಗೂಳಿ ಏನೂ ಇಲ್ಲದೆ ಏರಿಸುತ್ತಿದ್ದ. ಇವನು ಮತ್ತೆ ಏರಿಸಿದರೆ ಅವನೂ ಮತ್ತೆ. ಮಾನವಂತನಾದವನು ಅಲ್ಲಿಗಾದರೂ ಬಿಡಬೇಕು; ಗೂಳಿ ಕೊನೆಯ ಎಲೆಯ ತನಕ ಬಂದು, ಆ ಕೊನೆಯ ಎಲೆಯಲ್ಲೇ ಗೆದ್ದು, ನಗುವ ಹಳದಿ ಮುಖವೊಂದನ್ನು ಕಳಿಸುತ್ತಿದ್ದ. ಯಾರು ಇವನು, ಯಾವ ಮನೆಯಲ್ಲಿ ಹುಟ್ಟಿದ, ಇವನಿಗೆ ಅಪ್ಪ ಅಮ್ಮ ಏನೂ ಹೇಳಿಕೊಡಲಿಲ್ಲವೇ ಎಂದು ಪ್ರಭುದೇವ ಅಂಗಡಿಯಲ್ಲಿ ಕೂತೂ ಹಲ್ಲು ಕಡಿಯುತ್ತಿದ್ದ. ಪತ್ರಿಕೆ ಆರಿಸಲು ಬಂದವರು, ಪಾಪ, ತಮ್ಮ ಮೇಲೆಯೇ ಅಂದುಕೊಂಡು ಬೇಗ ಆರಿಸಿ ಹೋಗುತ್ತಿದ್ದರು.

ಇನ್ನು ಮನೆ. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಅಜ್ಜಿ ಗಂಗರತ್ನಮ್ಮ, ಅಮ್ಮ ರುದ್ರಾಣಿ, ಪ್ರಭುದೇವ ಮತ್ತು ಒಂದು ಜಗಳ. ಯಾವುದೋ ಕಾಲದಲ್ಲಿ ಯಾರದೋ ಗೃಹಪ್ರವೇಶಕ್ಕೆ ಕೊಟ್ಟು ವಾಪಸ್ಸು ಬಾರದ ಒಂದು ಹಿತ್ತಾಳೆ ಕೊಳಗದಿಂದ ಅದು ಶುರುವಾದದ್ದು. ಕೊಟ್ಟದ್ದು ಸೊಸೆ ಎಂದು ಅತ್ತೆ, ಕೊಡು ಅಂದದ್ದು ಅತ್ತೆ ಎಂದು ಸೊಸೆ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಮೊದಲು ಕೊಳಗ ಬರುತ್ತಿತ್ತು. ಇಬ್ಬರೂ ತೀರ್ಪಿಗೆ ಕರೆಯುತ್ತಿದ್ದದ್ದು ಪ್ರಭುದೇವನನ್ನೇ. ಫೋನಿನ ಆಟ ತೀರ್ಪಿಗೆಲ್ಲ ಕಾಯುವುದಿಲ್ಲ; ನಮ್ಮ ಸರದಿ ಬಂದಾಗ ಒತ್ತದಿದ್ದರೆ ಕೈಯಲ್ಲಿ ಏನೇ ಇರಲಿ, ಬಿಟ್ಟೆವೆಂದು ಬರೆದುಕೊಳ್ಳುತ್ತದೆ. ಒಂದು ದಿನ ಎಕ್ಕದ ಜೋಡಿ ಕೈಯಲ್ಲಿದ್ದಾಗ ಅಜ್ಜಿ ಅವನ ಭುಜ ಹಿಡಿದು, ಕೊಳಗಕ್ಕೆ ಹಿಡಿ ಎರಡಿತ್ತೋ ಒಂದಿತ್ತೋ ಹೇಳು ಎಂದು ಕೂತರು. ಎರಡು ಎನ್ನುವಷ್ಟರಲ್ಲಿ ಎಕ್ಕಗಳು ಹೋದವು. ಹಿಡಿ ಒಂದೇ ಇದ್ದದ್ದು ಎಂದು ಅಮ್ಮನೂ ಎರಡು ದಿನ ಮಾತು ಬಿಟ್ಟಳು.

ಆಗ ಅವನಿಗೆ ಹೊಳೆದದ್ದು ತಾತನ ಕಾಲದ ಕಟ್ಟಳೆ. ಆ ಮನೆಯಲ್ಲಿ ಯಾರಾದರೂ ಲಿಂಗಪೂಜೆಗೆ ಕೂತರೆ ಏಳುವ ತನಕ ಯಾರೂ ದನಿ ಎತ್ತಬಾರದು. ಕುಕ್ಕರ್ ಕೂಡ ಅಷ್ಟು ಹೊತ್ತು ಒಲೆ ಏರುತ್ತಿರಲಿಲ್ಲ, ಸೀಟಿ ಹಾಕೀತೆಂದು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯಲ್ಲಿಟ್ಟು ಪೂಜಿಸುವುದನ್ನು ಪ್ರಭುದೇವ ಮೊದಲಿನಿಂದಲೂ ಮಾಡುತ್ತಿದ್ದ; ಹತ್ತು ನಿಮಿಷದಲ್ಲಿ ಎದ್ದು ಅಂಗಡಿಗೆ ಓಡುತ್ತಿದ್ದ. ಈಗ ಏಳುವುದನ್ನು ನಿಲ್ಲಿಸಿದ. ದೇವರಿಗೆ ಮೋಸ ಮಾಡಿದನೆಂದು ಯಾರೂ ಅವನನ್ನು ದೂರುವ ಹಾಗಿಲ್ಲ. ಪೂಜೆಯನ್ನು ಪೂರ್ತಿ ಮುಗಿಸಿ, ಲಿಂಗವನ್ನು ಭದ್ರವಾಗಿ ಕರಡಿಗೆಗೆ ಸೇರಿಸಿ, ಕಣ್ಣಿಗೊತ್ತಿಕೊಂಡು, ಆಮೇಲೆ ಪಂಚೆಯ ಮಡಿಕೆಯಿಂದ ಫೋನು ತೆಗೆದು ಅದೇ ಎಡಗೈಯಲ್ಲಿ ಇಟ್ಟುಕೊಳ್ಳುತ್ತಿದ್ದ. ತಾತನ ಕೆಂಪು ಶಾಲು ತಲೆಯಿಂದ ಕೈಯ ತನಕ ಇಳಿಬಿದ್ದಿರುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಕಾಣುತ್ತಿದ್ದದ್ದು ಬಗ್ಗಿದ ತಲೆ, ಅಂಗೈಯಲ್ಲೇ ನೆಟ್ಟ ದೃಷ್ಟಿ, ಮುಖದ ಮೇಲೆ ನೀಲಿ ಬೆಳಕು.

ಲಕ್ಷಣಗಳೆಲ್ಲ ಶಾಸ್ತ್ರೋಕ್ತವಾಗಿಯೇ ಇದ್ದವು. ಗೂಳಿ ಏರಿಸಿದಾಗ ಪ್ರಭುದೇವ ಬೆವರುತ್ತಿದ್ದ. ಕೊನೆಯ ಎಲೆಗೆ ಕಾಯುವಾಗ ನಡುಗುತ್ತಿದ್ದ. ಸೋತಾಗ ಕಣ್ಣಲ್ಲಿ ನೀರು ಬರುತ್ತಿತ್ತು, "ಶಿವನೇ" ಎಂಬ ಮಾತು ಹೊಟ್ಟೆಯ ತಳದಿಂದ ಹೊರಡುತ್ತಿತ್ತು. ಅಜ್ಜಿ ಬಾಗಿಲಿಗೆ ಆತು ಕೂತು ಇದನ್ನೆಲ್ಲ ಕೇಳಿದರು, ನೀಲಿ ಬೆಳಕನ್ನು ಮಸುಕು ಮಸುಕಾಗಿ ಕಂಡರು, ಮಗ್ಗುಲ ಮನೆಯ ಶೈಲಜಮ್ಮನ ಕಿವಿಯಲ್ಲಿ ಗುಟ್ಟಾಗಿ ಹೇಳಿದರು. ಶೈಲಜಮ್ಮ ಯಾವ ಗುಟ್ಟನ್ನೂ ಒಬ್ಬಳೇ ಇಟ್ಟುಕೊಂಡು ತಿನ್ನುವ ಸ್ವಾರ್ಥಿಯಲ್ಲ. ಸಂಜೆಯೊಳಗೆ ರಸ್ತೆಗೆಲ್ಲ ಹಂಚಿದಳು.

ಮಾರನೆಯ ದಿನ ಎದುರುಮನೆಯ ಡಿಗ್ರಿಯವನು ಗೇಟಿನಿಂದ ಎದ್ದು ನಿಂತು, ಬುದ್ಧಿ ಹೇಳದೆ ನಮಸ್ಕಾರ ಮಾಡಿದ. ಹಿಂದೆ ಯಾರಾದರೂ ಇದ್ದಾರೆಯೇ ಎಂದು ಪ್ರಭುದೇವ ತಿರುಗಿ ನೋಡಿದ.

ಮೂರನೆಯ ದಿನ ಶಾಲಿನ ಅಂಚಿನಿಂದ ಕಣ್ಣು ಎತ್ತಿದರೆ ಹಜಾರದಲ್ಲಿ ಶೈಲಜಮ್ಮ, ಅವಳ ಮಗ್ಗುಲಿಗೆ ಇನ್ನೂ ಮೂವರು ಹೆಂಗಸರು, ಎಲ್ಲರೂ ಕೈ ಮುಗಿದು ಸಾಲಾಗಿ ಕೂತಿದ್ದಾರೆ. ಫೋನು ಜಾರಿತು. ಅಂದು ಗೂಳಿ ಅವನಿಂದ ಒಂದೇ ಸಮನೆ ನಾಲ್ಕು ಕೈ ಗೆದ್ದ, ನಾಲ್ಕು ಹಳದಿ ಮುಖ ಕಳಿಸಿದ.

ಇವರನ್ನು ಓಡಿಸಬೇಕು. ಟೇಬಲ್ಲಿನ ಮೇಲೆ ಸುಳ್ಳಾಟ ಆಡದ ಪ್ರಭುದೇವ ಮನೆಯಲ್ಲಿ ಮೊದಲ ಸುಳ್ಳು ಏರಿಸಿದ. ತಾನೊಂದು ವ್ರತ ಹಿಡಿದಿರುವುದಾಗಿಯೂ, ಅದು ಮುಗಿಯುವ ತನಕ ಹೊರಗಿನವರ ನೆರಳು ಸೋಕಬಾರದೆಂದೂ ಅಜ್ಜಿಗೆ ಹೇಳಿದ. ವ್ರತವೆಂದ ಮೇಲೆ ಹಣ್ಣುಕಾಯಿ ತರದೆ ಇರುವುದು ಹೇಗೆಂದು ಶೈಲಜಮ್ಮ ಬುಟ್ಟಿ ಹಿಡಿದು ಬಂದಳು; ನೆರಳು ಬೀಳದ ಹಾಗೆ ಗೋಡೆಗಂಟಿ ಕೂತಳು. ಕನಸಿನಲ್ಲಿ ಹಿರಿಯರು ಬಂದು ಏಕಾಂತ ಮಾಡು ಅಂದರು ಎಂದು ಅವನು ಇನ್ನೊಂದು ಏರಿಸಿದ. ಕನಸಿನಲ್ಲಿ ಬಂದವರು ಹೇಗಿದ್ದರು, ಗಡ್ಡ ಇತ್ತೇ, ನಮ್ಮ ಯಜಮಾನರ ಹಾಗಿದ್ದರೇ ಎಂದು ಅಜ್ಜಿಯ ತವರಿನ ಕಡೆಯವರೆಲ್ಲ ವಿಚಾರಿಸಲು ಬಂದರು. ವ್ರತ ಕೆಟ್ಟರೆ ನೋಡಿದವರಿಗೂ ತೊಂದರೆ ಎಂದು ಮೂರನೆಯದನ್ನೂ ಏರಿಸಿದ. ತೊಂದರೆ ಎಂಥದೆಂದು ನೋಡಿಯೇ ಹೋಗೋಣವೆಂದು ಇನ್ನಷ್ಟು ಜನ ಬಂದರು. ಲಿಮಿಟ್ ಆಟದಲ್ಲಿ ಮೂರು ಸಲ ಏರಿಸಿದ ಮೇಲೆ ನಿಲ್ಲಲೇಬೇಕು. ನೆಂಟರಿಗೆ ಆ ಕಟ್ಟುಪಾಡನ್ನು ಇನ್ನೂ ಯಾರೂ ಹಾಕಿಲ್ಲ. ಗೂಳಿಯಂಥವನು ಒಬ್ಬನೇ ಅಲ್ಲ, ತನ್ನ ರಕ್ತಸಂಬಂಧವೆಲ್ಲ ಗೂಳಿಗಳೇ, ಏನು ಕೆಳಗಿಟ್ಟರೂ ಬಿಡದೆ ಕೊನೆಯ ಎಲೆಯ ತನಕ ಬರುವವರೇ ಎಂಬುದು ಅವನಿಗೆ ಅಂದು ಗೊತ್ತಾಯಿತು.

ಅಂಗಡಿಯಲ್ಲಾದರೂ ಉಸಿರಾಡೋಣವೆಂದರೆ ಮಾವ ಮಲ್ಲಿಕಾರ್ಜುನಯ್ಯನವರು ಗಲ್ಲಾಪೆಟ್ಟಿಗೆಯ ಪಕ್ಕ ಹೊಸ ಕುರ್ಚಿ ಹಾಕಿಸಿದ್ದರು. ಅಚ್ಚಾದ ಪತ್ರಿಕೆಯಲ್ಲಿ ಮೊದಲನೆಯದಕ್ಕೆ ಅರಿಸಿನ ಕುಂಕುಮ ಹಚ್ಚಿ ದೇವರ ಮುಂದಿಡುವುದು ಎಲ್ಲ ಮನೆಗಳ ಪದ್ಧತಿ. ಮಾವ ಆ ಮೊದಲ ಪತ್ರಿಕೆಯನ್ನು ಅಂಗಡಿಯಲ್ಲೇ ಪ್ರಭುದೇವನ ಎಡಗೈಯಲ್ಲಿ ಇಡಿಸಿ ಕೊಡುವ ಏರ್ಪಾಡು ಮಾಡಿದರು. ಪಕ್ಕದ ಅಂಗಡಿಯಲ್ಲಿ ಚಿನ್ನದ ಅಂಚಿನ ಪತ್ರಿಕೆ ಸಿಗುತ್ತಿರಬಹುದು, ಇಂಥ ಕೈ ಸಿಗುತ್ತದೆಯೇ ಎಂದು ಗಿರಾಕಿಗಳನ್ನು ಕೇಳುತ್ತಿದ್ದರು. ನಿನ್ನೆಯ ತನಕ ಇದೇ ಕೈಯನ್ನು ಲೆಕ್ಕ ಬಾರದ ಕೈ ಎಂದು ಬೈದವರು ಇದೇ ಮಾವ. ಪ್ರಭುದೇವನಿಗೆ ಎದ್ದು ಕೂಗಬೇಕೆನ್ನಿಸಿತು. ಆದರೆ ಕೂಗುವುದಕ್ಕೆ ಮುಂಚೆ ಶಿವರಂಜಿನಿಯ ಸುದ್ದಿ ಬಂತು.

ನಗರ್ತಪೇಟೆಯಲ್ಲಿ ಪೂಜಾ ಸಾಮಾನಿನ ಹೋಲ್‌ಸೇಲ್ ಅಂಗಡಿ ಇಟ್ಟಿರುವ ಪಂಚಾಕ್ಷರಯ್ಯನವರ ಮಗಳು ಅವಳು. ಈ ತೇಜಸ್ಸೆಲ್ಲ ಶುರುವಾಗುವ ಮುಂಚೆ ಒಮ್ಮೆ ಚಿಕ್ಕಪ್ಪನ ಮಗನ ಮದುವೆಯ ಪತ್ರಿಕೆಯ ಪ್ರೂಫ್ ನೋಡಲು ಬಂದವಳು, ಮುಹೂರ್ತದ ದಿನ ಭಾನುವಾರ, ಇವರು ಸೋಮವಾರವೆಂದು ಹಾಕಿದ್ದಾರೆಂದು ಒಂದೇ ನೋಟಕ್ಕೆ ಹಿಡಿದು, "ಮದುವೆ ಆದ ಮಾರನೇ ದಿನ ಜನ ಬಂದು ಏನ್ರೀ ತಿಂತಾರೆ?" ಎಂದು ಕೇಳಿ, ನಗದೆ ಹೋಗಿದ್ದಳು. ಪ್ರಭುದೇವನಿಗೆ ಬೈದವರು ಬಹಳ ಜನ. ಬೈದ ಮೇಲೂ ನೆನಪಿಸಿಕೊಳ್ಳಬೇಕೆನ್ನಿಸಿದ್ದು ಇವಳೊಬ್ಬಳನ್ನೇ. ಹತ್ತನೇ ಕ್ಲಾಸು ದಾಟದ ತನಗೂ ಅವಳಿಗೂ ಎಲ್ಲಿಯ ಮಾತು ಎಂದು ಆ ನೆನಪನ್ನು ಕೆಟ್ಟ ಎಲೆಯ ಹಾಗೆ ಕೆಳಗಿಟ್ಟುಬಿಟ್ಟಿದ್ದ.

ಈಗ ಅದೇ ಪಂಚಾಕ್ಷರಯ್ಯನವರು ಮಾವನಿಗೆ ಫೋನು ಮಾಡಿದರು. ಇಂಜಿನಿಯರು, ಬ್ಯಾಂಕಿನವರು, ಮೈಸೂರಿನಲ್ಲಿ ಸೈಟು ಇದ್ದವರು, ಎಲ್ಲರನ್ನೂ ಅವರು ವಾಪಸ್ಸು ಕಳಿಸಿಯಾಗಿತ್ತು. ಸಂಸ್ಕಾರವಂತ ಬೇಕಂತೆ. ಹುಡುಗ ಪೂಜೆಗೆ ಕೂರುವುದನ್ನು ಕಣ್ಣಾರೆ ನೋಡಬೇಕಂತೆ. ಹೆಣ್ಣು ನೋಡುವುದು ಆಮೇಲಾಗಲಿ, ಮೊದಲು ಗಂಡು ನೋಡುವ ಶಾಸ್ತ್ರವಾಗಲಿ, ಸೋಮವಾರ ಬೆಳಿಗ್ಗೆಯೇ ಬರುತ್ತೇವೆ ಎಂದರಂತೆ.

ಮುಳುಗಿದೆ ಎಂದುಕೊಂಡ ಪ್ರಭುದೇವ. ಒಪ್ಪಿದರೆ ಸುಳ್ಳಿನ ಮೇಲೆ ಸಂಸಾರ. ನಿಜ ಹೇಳಿದರೆ ಶಿವರಂಜಿನಿ ಇಲ್ಲ, ಅಜ್ಜಿಗೆ ರಸ್ತೆಯಲ್ಲಿ ಮುಖವಿಲ್ಲ. ಜೀವನದಲ್ಲಿ ಮೊದಲ ಸಲ ಒಳ್ಳೆಯ ಎಲೆ ಬಂದಿದೆ, ಆದರೆ ಅದು ತನ್ನದಲ್ಲ. ಎರಡು ದಿನ ಅನ್ನ ಇಳಿಯಲಿಲ್ಲ. ಉಪವಾಸ ಹಿಡಿದಿದ್ದಾನೆಂದು ಶೈಲಜಮ್ಮ ರಸ್ತೆಗೆ ತಿಳಿಸಿದಳು.

ಸೋಮವಾರ ಪಂಚಾಕ್ಷರಯ್ಯನವರ ದನಿ ಬೀದಿಯ ತಿರುವಿನಲ್ಲೇ ಕೇಳಿಸಿತು. ಮನುಷ್ಯ ಆಮೇಲೆ ಬಂದರು. ಆಟೋದವನ ಜೊತೆ ಆಡುತ್ತಿದ್ದ ಮಾತನ್ನು ಇಳಿದ ಮೇಲೆ ಮಾವನ ಜೊತೆ ಮುಂದುವರಿಸಿದರು, ಮಾವ ಕಾಲು ತೊಳೆಯಲು ನೀರು ಕೊಟ್ಟಾಗ ನೀರಿನ ಜೊತೆ ಮುಂದುವರಿಸಿದರು. ಬೇರೆಯವರು ಮಳೆ ಅಂದರೆ ಅವರು ಪ್ರವಾಹ ಅನ್ನುವ ಜಾತಿ. ಅವರ ಹಿಂದೆ, ಬರಬೇಡ ಅಂದರೂ ಕೇಳದೆ ಬಂದಿದ್ದ ಶಿವರಂಜಿನಿ, ಕೈಯಲ್ಲಿ ದಪ್ಪನೆಯದೊಂದು ಪುಸ್ತಕ.

ಅಂದು ಫೋನು ಮುಟ್ಟುವುದಿಲ್ಲವೆಂದು ಪ್ರಭುದೇವ ಆಣೆ ಇಟ್ಟುಕೊಂಡಿದ್ದ. ಪೂಜೆ ಮಾಡಿದ, ಲಿಂಗವನ್ನು ಕರಡಿಗೆಗೆ ಸೇರಿಸಿದ, ಬರಿಗೈ ಚಾಚಿಕೊಂಡು ಶಾಲಿನ ಕೆಳಗೆ ಕೂತ. ಆದರೂ ಫೋನು ಪಂಚೆಯ ಮಡಿಕೆಯಲ್ಲೇ ಇತ್ತು. ಅಭ್ಯಾಸದ ಕೈ ಅದನ್ನು ತಾನೇ ಅಲ್ಲಿಟ್ಟಿತ್ತು. ಹಜಾರದಲ್ಲಿ ಪಂಚಾಕ್ಷರಯ್ಯನವರು ಏನೋ ಹೇಳಲು ಹೊರಟರು. ಗಂಗರತ್ನಮ್ಮನವರು ಬೆರಳೆತ್ತಿ ಕಟ್ಟಳೆ ತಿಳಿಸಿದರು. ನಗರ್ತಪೇಟೆಯನ್ನೇ ನಡುಗಿಸುವ ಆ ಬಾಯಿ ತೆರೆದಂತೆಯೇ ನಿಂತು, ಸದ್ದಿಲ್ಲದೆ ಮುಚ್ಚಿತು. ಶಿವರಂಜಿನಿ ತಿರುಗಿ ಅಪ್ಪನ ಮುಖ ನೋಡಿದಳು, ಕಾಯಿಲೆಯೇನೋ ಎಂಬಂತೆ.

ಎಲ್ಲರೂ ಕಾದರು. ಪ್ರಭುದೇವ ಅಂಗೈ ನೋಡಿದ. ಇನ್ನೇನು ಇಷ್ಟು ಹೊತ್ತು ಕೂತು ಎದ್ದುಬಿಟ್ಟರೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅಜ್ಜಿ ಪಿಸುಗುಟ್ಟಿದ್ದು ಅವನ ಕಿವಿಗೆ ಬಿತ್ತು.

"ಇನ್ನೂ ತೇಜಸ್ಸು ಬಂದಿಲ್ಲ. ಕೂತಿರಿ, ಬರತ್ತೆ."

ಮಾವ ಕತ್ತು ಚಾಚಿದರು. ಶೈಲಜಮ್ಮ, ನಿನ್ನೆ ಇಷ್ಟು ಹೊತ್ತಿಗೆಲ್ಲ ಬಂದುಬಿಟ್ಟಿತ್ತೆಂದು ಕಣ್ಣಲ್ಲೇ ಸಾಕ್ಷಿ ನುಡಿದಳು. ಪಂಚಾಕ್ಷರಯ್ಯನವರು ಮಂಡಿಯ ಮೇಲೆ ಕೈಯಿಟ್ಟು, ತೇಜಸ್ಸು ನೋಡದೆ ಏಳುವ ಪ್ರಶ್ನೆಯೇ ಇಲ್ಲವೆಂಬಂತೆ ಕೂತರು. ಹೊತ್ತು ಹೋಯಿತು. ಅಜ್ಜಿಯ ಮುಖ ಸಣ್ಣಗಾಗತೊಡಗಿತು. ಮುದುಕಿಯ ಮಾನ ಉಳಿಸಬೇಕಾದರೆ ಬೆಳಕು ಬೇಕು, ಬೆಳಕು ಇರುವುದು ಒಂದೇ ಕಡೆ. ಬರೀ ಬೆಳಕಿಗೆ ತಾನೇ ಎಂದುಕೊಂಡು ಮೆಲ್ಲಗೆ ಫೋನು ತೆಗೆದು ಅಂಗೈಯಲ್ಲಿಟ್ಟು ಒತ್ತಿದ. "ಬಂತು" ಎಂದು ಅಜ್ಜಿ ಕೈ ಮುಗಿದರು.

ಬರೀ ಬೆಳಕು ಕೊಟ್ಟು ಸುಮ್ಮನಿರುವ ಫೋನು ಇನ್ನೂ ಹುಟ್ಟಿಲ್ಲ. ನಿನ್ನೆ ಬಿಟ್ಟ ಟೇಬಲ್ಲು ತೆರೆದುಕೊಂಡಿತು, ಎರಡು ಎಲೆ ಬಂದು ಬಿದ್ದವು. ಎರಡೂ ಎಕ್ಕ. ಎದುರಿಗೆ ಗೂಳಿ99.

ಬಿಟ್ಟುಬಿಡಬಹುದಾಗಿತ್ತು. ಎಕ್ಕದ ಜೋಡಿಯನ್ನು ಬಿಟ್ಟವನು ಮನುಷ್ಯನಲ್ಲ. ಏರಿಸಿದ. ಗೂಳಿ ಏರಿಸಿದ. ನಡುವೆ, ಇಬ್ಬರ ಲೆಕ್ಕಕ್ಕೂ ಸೇರುವ ಮೂರು ಎಲೆ ಬಿಚ್ಚಿದವು: ಎಕ್ಕ, ಮೂರು, ರಾಜ. ಪ್ರಭುದೇವನ ಹತ್ತಿರ ಈಗ ಮೂರು ಎಕ್ಕ. ಏರಿಸಿದ, ಗೂಳಿಯೂ ಏರಿಸಿದ. ನಾಲ್ಕನೆಯದು ಒಂಬತ್ತು, ಯಾರಿಗೂ ಬೇಡದ್ದು. ಮತ್ತೆ ಏರಿಸಿದ, ಗೂಳಿ ಬಿಡಲಿಲ್ಲ. ಹಜಾರ ಇಲ್ಲ, ಮಾವ ಇಲ್ಲ, ಮದುವೆ ಇಲ್ಲ. ಈ ಒಬ್ಬನಿಗೆ ಬುದ್ಧಿ ಕಲಿಸುವುದೊಂದೇ ಈ ಲೋಕದಲ್ಲಿ ಉಳಿದಿದ್ದ ಕೆಲಸ. ಮೈ ನಡುಗಿತು. ಕೊನೆಯ ಎಲೆ ಬಿತ್ತು. ನಾಲ್ಕು. ಗೂಳಿ ತನ್ನ ಕೈ ತೋರಿಸಿದ: ಎರಡು, ಐದು. ಎಕ್ಕ, ಎರಡು, ಮೂರು, ನಾಲ್ಕು, ಐದು ಸಾಲು ಕೂಡಿತ್ತು. ಸಾಲಿನ ಮುಂದೆ ಮೂರು ಎಕ್ಕ ಕೂಡ ಕಸ.

"ಶಿವನೇ..."

ಆ ಕೂಗಿಗೆ ಹಜಾರದ ಕಿಟಕಿ ಅದುರಿತು. ಪ್ರಭುದೇವನ ಕೈಗಳೆರಡೂ ಆಕಾಶಕ್ಕೆ ಹೋದವು. ಫೋನು ಶಾಲಿನಿಂದ ಹಾರಿ, ರೆಡ್ ಆಕ್ಸೈಡ್ ನೆಲದ ಮೇಲೆ ಜಾರಿ, ನೇರವಾಗಿ ಶಿವರಂಜಿನಿಯ ಕಾಲ ಬಳಿ ಹೋಗಿ ನಿಂತಿತು. ನೆಲ ಒರೆಸಿ ಹೊಳೆಸಿಟ್ಟಿದ್ದು ರುದ್ರಾಣಿ, ಬೀಗರು ಬರುತ್ತಾರೆಂದು.

ಆ ಕ್ಷಣದಲ್ಲಿ ಪಂಚಾಕ್ಷರಯ್ಯನವರು ಎರಡು ಕೈಯನ್ನೂ ತಲೆಯ ಮೇಲಿಟ್ಟು ಕಣ್ಣು ಮುಚ್ಚಿದ್ದರು. ಮಾವನೂ ಮುಚ್ಚಿದ್ದರು. ಶೈಲಜಮ್ಮ ನೆಲಕ್ಕೆ ಹಣೆ ಹಚ್ಚಿದ್ದಳು. ಅಜ್ಜಿಗೆ ಕಣ್ಣು ತೆರೆದಿದ್ದರೂ ಮುಚ್ಚಿದ್ದರೂ ಒಂದೇ. ಕಣ್ಣು ಬಿಟ್ಟಿದ್ದವಳು ಶಿವರಂಜಿನಿ. ಅವಳು ಫೋನು ನೋಡಿದಳು, ಪ್ರಭುದೇವನನ್ನು ನೋಡಿದಳು, ಕೈಯಲ್ಲಿದ್ದ ದಪ್ಪ ಪುಸ್ತಕವನ್ನು ನಿಧಾನವಾಗಿ ಫೋನಿನ ಮೇಲಿಟ್ಟಳು.

ಪ್ರಭುದೇವನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಪಂಚಾಕ್ಷರಯ್ಯನವರ ಕಣ್ಣಿಂದಲೂ. ನಮ್ಮ ಅಂಗಡಿಯಲ್ಲಿ ಅಷ್ಟು ಪೂಜಾ ಸಾಮಾನು ಮಾರಿದ್ದೇನೆ, ಇಂಥ ಪೂಜೆ ಕಂಡದ್ದು ಇವತ್ತೇ, ಹುಡುಗ ನಮ್ಮವನು ಎಂದರು. ಹಾಗಲ್ಲ ಎನ್ನಲು ಪ್ರಭುದೇವ ಬಾಯಿ ತೆರೆದ. ಕಟ್ಟಳೆ ಮುಗಿದಿತ್ತು, ತಡೆದಿಟ್ಟಿದ್ದ ಮಾತೆಲ್ಲ ಪಂಚಾಕ್ಷರಯ್ಯನವರ ಬಾಯಿಂದ ಒಟ್ಟಿಗೆ ಹೊರಟಿತ್ತು. ಆ ಪ್ರವಾಹದಲ್ಲಿ ಅವನು ಮೂರು ಸಲ ಬಾಯಿ ತೆರೆದು ಮೂರು ಸಲವೂ ಮುಚ್ಚಿದ. ಕೊನೆಗೆ ಹುಡುಗ ಹುಡುಗಿ ಒಂದು ಮಾತಾಡಿಕೊಳ್ಳಲಿ ಎಂದು ಮಾವ ಇಬ್ಬರನ್ನೂ ತಾರಸಿಗೆ ಕಳಿಸಿದರು.

ತಾರಸಿಯಲ್ಲಿ ಒಣಗಿಹಾಕಿದ ಸಂಡಿಗೆಯ ಪಕ್ಕ ನಿಂತು ಶಿವರಂಜಿನಿ ಪುಸ್ತಕದ ನಡುವಿನಿಂದ ಫೋನು ತೆಗೆದು ಕೊಟ್ಟಳು.

"ಎರಡು, ಐದು ಇಟ್ಕೊಂಡು ಕೊನೇ ತನಕ ಬಂದಿದಾನಲ್ರೀ. ಯಾರು ಅವನು?"

"ಗೊತ್ತಿಲ್ಲ," ಎಂದ ಪ್ರಭುದೇವ. "ನಿಮಗೆ ಇಸ್ಪೀಟು ಬರುತ್ತಾ?"

"ಶಿವರಾತ್ರಿ ಜಾಗರಣೆಗೆ ನಮ್ಮನೇಲಿ ಎಲ್ರೂ ಆಡ್ತಾರೆ. ನಮ್ಮಪ್ಪನೂ ಹೀಗೇ, ಕೈಲಿ ಏನೂ ಇಲ್ದೆ ಕೂಗಾಡ್ತಾರೆ."

ಪ್ರಭುದೇವ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ. ಕೊಳಗದಿಂದ ಹಿಡಿದು ಶಾಲಿನ ತನಕ, ವ್ರತ, ಕನಸು, ಏನನ್ನೂ ಬಿಡಲಿಲ್ಲ. ಈಗಲೇ ಕೆಳಗೆ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ, ನಿಮ್ಮ ತಂದೆಯವರ ಕಾಲು ಹಿಡಿದುಕೊಳ್ಳುತ್ತೇನೆ ಎಂದು ಮೆಟ್ಟಿಲ ಕಡೆ ತಿರುಗಿದ.

"ಒಂದ್ನಿಮಿಷ," ಎಂದಳು ಶಿವರಂಜಿನಿ. "ನೀವು ಕೂತಿದ್ದಷ್ಟು ಹೊತ್ತೂ ಈ ಮನೇಲಿ ಯಾರೂ ಮಾತಾಡ್ಲಿಲ್ಲ. ದಿನಾ ಹಂಗೇನಾ?"

"ದಿನಾನೂ. ಅದು ತಾತನ ಕಟ್ಟಳೆ."

"ಎಷ್ಟು ಹೊತ್ತು ಕೂತ್ಕೋತೀರಿ?"

"ಒಂದು ಗಂಟೆ. ಗೂಳಿ ಇದ್ರೆ ಜಾಸ್ತಿ."

ಅವಳು ಕೈಯಲ್ಲಿದ್ದ ದಪ್ಪ ಪುಸ್ತಕ ತೋರಿಸಿದಳು. ಕೆಎಎಸ್ ಪರೀಕ್ಷೆಗೆ ಕಟ್ಟಿದ್ದಾಳಂತೆ. ಮನೆಯಲ್ಲಿ ಬೆಳಗಾಗೆದ್ದರೆ ಅಪ್ಪ, ಅಪ್ಪ ಅಂಗಡಿಗೆ ಹೋದರೆ ಅಪ್ಪನ ಫೋನು. ಓದಿದ ಒಂದು ಪುಟವೂ ತಲೆಯಲ್ಲಿ ನಿಲ್ಲುವುದಿಲ್ಲವಂತೆ. ಲೈಬ್ರರಿಗೆ ಹೋದರೆ ಅಲ್ಲಿಗೂ ಊಟ ತಂದು, ಕೂತು, ಮಾತಾಡಿ ಹೋಗುತ್ತಾರಂತೆ.

"ನಮ್ಮಪ್ಪ ಅಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನ ಹುಟ್ಟಿದಾಗಿಂದ ನೋಡಿಲ್ಲ ನಾನು," ಎಂದಳು. "ಕೆಳಗೆ ಏನೂ ಹೇಳ್ಬೇಡಿ. ನನಗೆ ಈ ಮನೆ ಒಪ್ಪಿಗೆ."

ಮನೆ ಒಪ್ಪಿಗೆ, ತಾನೋ ಎಂದು ಕೇಳುವ ಧೈರ್ಯ ಪ್ರಭುದೇವನಿಗೆ ಬರಲಿಲ್ಲ. ಆದರೂ ಮನಸ್ಸು ಒಪ್ಪದೆ ಇಳಿದವನೇ ಅಡುಗೆಮನೆಗೆ ನುಗ್ಗಿ ಅಮ್ಮನಿಗಾದರೂ ಹೇಳೋಣವೆಂದು, ಅಮ್ಮಾ, ನಾನು ಅಷ್ಟು ಹೊತ್ತು ಮಾಡುತ್ತಿದ್ದದ್ದು ಪೂಜೆಯಲ್ಲ ಎಂದ. ರುದ್ರಾಣಿ ಬೀಗರ ಕಾಫಿಗೆ ಸಕ್ಕರೆ ಹಾಕುತ್ತಿದ್ದಳು.

"ಗೊತ್ತು ಕಣೋ. ನಿನ್ನ ಫೋನು ಚಾರ್ಜಿಗೆ ಹಾಕೋಳು ಯಾರು, ನಾನು. ಮೊದಲನೇ ದಿನವೇ ಗೊತ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

ಅವಳು ಚಮಚ ಕೆಳಗಿಟ್ಟು ಮಗನನ್ನು ನೋಡಿದಳು. "ನಾನು ಈ ಮನೆಗೆ ಬಂದಾಗಿಂದ ಬೆಳಿಗ್ಗೆ ಹೊತ್ತು ಒಂದು ಲೋಟ ಕಾಫಿನ ನೆಮ್ಮದಿಯಾಗಿ ಕುಡಿದಿರಲಿಲ್ಲ. ಈಗ ಕುಡೀತಿದೀನಿ. ನಿಮ್ಮಜ್ಜಿನೂ ಕುಡೀತಿದಾರೆ. ಇದೊಂದನ್ನ ಕೆಡಿಸ್ಬೇಡ."

ಮದುವೆಯಾಯಿತು. ಪ್ರಭುದೇವನ ಹೆಸರು ಕೊನೆಗೂ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರೂಫ್ ನೋಡಿದ್ದು ಹುಡುಗಿಯೇ. ಮೊದಲ ಪತ್ರಿಕೆಯನ್ನು ಮಾವ ಅವನ ಎಡಗೈಯಲ್ಲೇ ಇಡಿಸಿದರು.

ಆಮೇಲೆ ದಿಲ್ಲಿಯಲ್ಲಿ ಕಾನೂನು ಬಂತು. ಒಂದು ಬೆಳಿಗ್ಗೆ ಶಾಲಿನ ಕೆಳಗೆ ಫೋನು ಒತ್ತಿದರೆ ಟೇಬಲ್ಲಿಲ್ಲ, ಎಲೆಗಳಿಲ್ಲ, ಗೂಳಿ ಇಲ್ಲ. ಆಟ ನಿಂತಿದೆ ಎಂದು ಒಂದು ಸಾಲು ಮಾತ್ರ. ಪ್ರಭುದೇವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸುಳ್ಳೂ ಮುಗಿಯಿತು, ಬೆವರೂ ಮುಗಿಯಿತು, ಗೂಳಿ ಯಾವ ಹಟ್ಟಿಗಾದರೂ ಹೋಗಲಿ. ಮಾರನೆಯ ದಿನ ಫೋನನ್ನು ಒಳಗೇ ಬಿಟ್ಟು ಬಂದು, ಹತ್ತು ನಿಮಿಷದಲ್ಲಿ ಪೂಜೆ ಮುಗಿಸಿ, ಶಾಲು ಮಡಿಸಿ, ನಿರಾಳವಾಗಿ ಎದ್ದು ನಿಂತ.

ಅವನು ಎದ್ದನೆಂದು ಅಜ್ಜಿಗೆ ಗೊತ್ತಾಯಿತು. ಗಂಟಲು ಸರಿಮಾಡಿಕೊಂಡರು. ಅಡುಗೆಮನೆಯಿಂದ ರುದ್ರಾಣಿಯೂ ಸರಿಮಾಡಿಕೊಂಡಳು. ಕೊಳಗ ಬಾಗಿಲ ತನಕ ಬಂದು ನಿಂತಿತು. ಮೂಲೆಯ ಮೇಜಿನಲ್ಲಿ ದೀಪ ಹಚ್ಚಿಕೊಂಡು ಓದುತ್ತಿದ್ದ ಶಿವರಂಜಿನಿ, ಪುಸ್ತಕದಿಂದ ತಲೆ ಎತ್ತದೆ, ಪೆನ್ನಿನ ತುದಿಯಿಂದ ಅವನ ಮಣೆ ತೋರಿಸಿದಳು.

ಪ್ರಭುದೇವ ಮಡಿಸಿದ ಶಾಲನ್ನು ಬಿಚ್ಚಿದ. ಕೂತ. ಬರಿಯ ಎಡಗೈ ಚಾಚಿದ. ಏರಿಸಲು ಏನೂ ಇಲ್ಲ, ಬಿಡುವ ಹಾಗೂ ಇಲ್ಲ. ಇನ್ನು ದಿನಾ ಒಂದು ಗಂಟೆ ಶಿವನ ಹೆಸರು ಹೇಳಿಕೊಳ್ಳುವುದು ಬಿಟ್ಟರೆ ಅವನಿಗೆ ಬೇರೆ ಯಾವ ದಾರಿಯೂ ಉಳಿದಿರಲಿಲ್ಲ. ಹೇಳತೊಡಗಿದ. ಮನೆಯಲ್ಲಿ ಕಾಫಿ ಹೀರುವ ಸದ್ದು, ಪುಟ ತಿರುವುವ ಸದ್ದು.

ಸ್ವಲ್ಪ ಹೊತ್ತಿಗೆ ಅಜ್ಜಿ ಬಾಗಿಲಿನಿಂದ ಮುಂದಕ್ಕೆ ಬಗ್ಗಿ, ಪೊರೆಗಣ್ಣು ಕಿರಿದು ಮಾಡಿ ನೋಡಿದರು.

"ಯಾಕೋ ಇವತ್ತು ತೇಜಸ್ಸೇ ಕಾಣ್ತಿಲ್ವಲ್ಲೇ," ಎಂದು ಆತಂಕದಿಂದ ಪಿಸುಗುಟ್ಟಿದರು.

ಶಿವರಂಜಿನಿ ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟುಕೊಂಡು, ಇನ್ನೊಂದು ಕೈಯಿಂದ ಮೇಜಿನ ದೀಪದ ಕತ್ತನ್ನು ಗಂಡನ ಮುಖದ ಕಡೆಗೆ ಒಂದಿಷ್ಟು ತಿರುಗಿಸಿದಳು.